ನಮ್ಮ ಮುಖ ನಾವೇ ಬರೆಯಬೇಕು ಎಂದ ಅಕ್ಕೋರು

ಒಂದು ಕಣ್ಣು ಮುಚ್ಚಿ, ಕೈ ನೀಟಾಗಿ ಮುಂದೆ ಚಾಚಿ, ಹೆಬ್ಬೆರಳು ನಿಲ್ಲಿಸಿ ಮನುಷ್ಯರನ್ನು ನೋಡುವುದು ಹೈಸ್ಕೂಲಿನಲ್ಲಿ ಚಿತ್ರ ಕಲಿಸುತ್ತಿದ್ದ ವಸುಧಾ ಅಕ್ಕೋರ ಅಭ್ಯಾಸ. ಮೊದಲ ಸಲ ಅವರು ಹಾಗೆ ನೋಡಿದ್ದು ನನ್ನನ್ನೇ, ಹೊನ್ನಾವರದ ಮೀನು ಪೇಟೆಯಲ್ಲಿ. ನಾನು ಗಿರಾಕಿಯೊಬ್ಬರಿಗೆ ಬಂಗಡೆ ಹೆಚ್ಚಿಕೊಡುತ್ತಿದ್ದೆ. ತಲೆ ಎತ್ತಿದರೆ ಎದುರಿಗೆ ಕಾಟನ್ ಸೀರೆಯ ಹೆಂಗಸೊಬ್ಬಳು ನನ್ನತ್ತ ಹೆಬ್ಬೆರಳು ತೋರಿಸುತ್ತ ನಿಂತಿದ್ದಾಳೆ!

"ಎಂತದ್ದು ಅದು? ಬಂಗಡೆ ಬೇಕಾರೆ ಬಾಯಿ ಬಿಟ್ಟು ಕೇಳಿ" ಎಂದು ಗದರಿದೆ.

"ಒಂದು ಗಳಿಗೆ ಅಲ್ಲಾಡ್ಬೇಡಿ ಅಮ್ಮ. ಚಿತ್ರ ಬರೀಬೇಕು, ನಿಮ್ಮ ಮೂಗು ಅಳೀತಾ ಇದ್ದೆ."

"ನನ್ನ ಮೂಗು ಅಳೆಯೂಕೆ ನೀವ್ಯಾರು? ಕಟ್ಕೊಂಡ ಗಂಡನೇ ಅಳೀಲಿಲ್ಲ!"

ಪೇಟೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಅಕ್ಕೋರೂ ನಕ್ಕರು. ಚಿತ್ರ ಮಾತ್ರ ಆಗಲಿಲ್ಲ. ನಾನು ಅಲುಗಾಡದೆ ಕೂತ ಹೆಂಗಸೇ ಅಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣ ಇದೆ. ನನ್ನ ಮೊಮ್ಮಗಳು ಸಹನಾ ಚಿತ್ರಕಲೆಯ ಕಾಲೇಜಿಗೆ ಆಯ್ಕೆಯಾಗಿದ್ದಾಳೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುತ್ತಿದ್ದೇನೆ. ಆದರೆ ಹೊಟ್ಟೆಯಲ್ಲಿ ಹಿಡಿಸದೆ ಇರುವುದು ಸಂತೋಷ ಒಂದೇ ಅಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ತಪ್ಪಿದ್ದಲ್ಲಿ ಓದುವವರೇ ತಿದ್ದಿಕೊಳ್ಳಿ.

ಸಹನಾ ನನ್ನ ಮಗಳ ಮಗಳು. ಅಪ್ಪ ಬೋಟಿನ ಮೇಲೆ, ಅಮ್ಮ ಮೀನು ಒಣಗಿಸುವ ಕೆಲಸಕ್ಕೆ. ಹುಡುಗಿ ಬೆಳೆದದ್ದು ನನ್ನ ಹತ್ತಿರ. ಓದಿನಲ್ಲಿ ಹಿಂದೆ. "ಇದು ಅಜ್ಜಿ ಬುಟ್ಟಿ ಹೊರೂದಕ್ಕೇ ಸೈ" ಎಂದು ಮಾಸ್ತರೊಬ್ಬರು ಅವಳ ಎದುರೇ ಹೇಳಿದ್ದರು. ಅದೇ ವರ್ಷ ನಮ್ಮ ಹೈಸ್ಕೂಲಿನಲ್ಲಿ ಕಲಾ ವಿಭಾಗ ಎಂದು ಸುರುವಾಯಿತು. ಎಂಟರಿಂದ ಹತ್ತರವರೆಗಿನ ಮಕ್ಕಳಲ್ಲಿ ಕೈಗುಣ ಇದ್ದವರನ್ನು ಆರಿಸಿ, ಮಧ್ಯಾಹ್ನದ ಮೇಲೆ ಚಿತ್ರ, ಮಣ್ಣಿನ ಕೆಲಸ, ಹಾಡು, ನಾಟಕ, ಯಕ್ಷಗಾನ ಕಲಿಸುವುದು. ಅದಕ್ಕೆಂದೇ ವಸುಧಾ ಅಕ್ಕೋರು ಬಂದರು. ಖಾಯಂ ನೌಕರಿಯಲ್ಲ, ಇಟ್ಟುಕೊಂಡರೆ ಉಂಟು ಇಲ್ಲದಿದ್ದರೆ ಇಲ್ಲ ಎನ್ನುವ ನೌಕರಿ.

ಆರಿಸುವ ದಿನ ಮನೆಯವರೊಬ್ಬರ ಚಿತ್ರ ಬರೆಯಲು ಹೇಳಿದರಂತೆ. ಸಹನಾ ಎರಡು ಕೈ, ಒಂದು ಕತ್ತಿ, ಕೆಳಗೆ ಒಂದು ಮೀನು ಬರೆದು ಕೊಟ್ಟಳು.

"ಯಾರಿದು ತಂಗಿ?"

"ಅಜ್ಜಿ."

"ಮುಖ ಎಲ್ಲೋತು?"

"ಅಜ್ಜಿ ಮುಖ ಬಗ್ಸಿಕೊಂಡೇ ಇರ್ತದೆ. ನಂಗೆ ಕಾಣೂದಿಲ್ಲ."

ಅಕ್ಕೋರು ಆ ಕಾಗದ ಹಿಡಿದು ಸೀದಾ ಪೇಟೆಗೆ ಬಂದರು. "ಮೊಮ್ಮಗಳನ್ನ ನಂಗೆ ಕೊಡಿ ದುರ್ಗಮ್ಮ" ಎಂದರು, ಹೆಣ್ಣು ಕೇಳಲು ಬಂದವರ ಹಾಗೆ. ನಾನು ನನ್ನ ಕೈ ನೋಡಿದೆ, ಕಾಗದ ನೋಡಿದೆ. ಹೆಬ್ಬೆರಳ ಮೇಲಿನ ಹಳೇ ಗಾಯವನ್ನೂ ಬಿಟ್ಟಿರಲಿಲ್ಲ ಹುಡುಗಿ.

ಅಕ್ಕೋರು ಕುಮಟೆ ತಾಲೂಕಿನ ಕಾಗಾಲದವರು. ಅಪ್ಪ ಯಕ್ಷಗಾನದ ವೇಷಧಾರಿ. ಸಣ್ಣವರಿದ್ದಾಗ ಅಪ್ಪನ ಜೊತೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಬಿಡಾರದಲ್ಲಿ, ಮೂಲೆಯಲ್ಲಿ ಕೂತು ನೋಡಿದವರು. ಚೌಕಿಯಲ್ಲಿ ಪ್ರತಿಯೊಬ್ಬನೂ ಕನ್ನಡಿ ಇಟ್ಟುಕೊಂಡು ತನ್ನ ಬಣ್ಣ ತಾನೇ ಬರೆದುಕೊಳ್ಳುತ್ತಾನೆ. ಅದೇ ಕ್ರಮವನ್ನು ಅವರು ಶಾಲೆಗೆ ತಂದರು. ಗೋಡೆ ಉದ್ದಕ್ಕೂ ಕನ್ನಡಿ ಹಾಕಿಸಿದರು. ಬಂದ ಮಗು ಮೊದಲು ಕನ್ನಡಿ ನೋಡಿ ಕಾಗದದ ಮೇಲೆ ತನ್ನ ಮುಖ ಬರೆಯಬೇಕು. ಮೂಗು ಮೊಂಡಾಗಿದ್ದರೆ ಮೊಂಡೇ, ಹಲ್ಲು ಉಬ್ಬಾಗಿದ್ದರೆ ಉಬ್ಬೇ. ಅದು ಸರಿಯಾಗಿ ಬಂದ ಮೇಲೆಯೇ ಮುಖದ ಮೇಲೆ ಬಣ್ಣ.

"ನಮ್ಮ ಮುಖ ನಾವೇ ಬರೀಬೇಕು. ಬೇರೆಯವ್ರ ಕೈಗೆ ಕೊಟ್ರೆ ಅವ್ರಿಗೆ ಬೇಕಾದಂಗೆ ಬರೀತ್ರು" ಎನ್ನುತ್ತಿದ್ದರು. ಎಂಥ ಸಣ್ಣ ಮಗು ಅತ್ತರೂ ಕುಂಚ ಇಸಿದುಕೊಳ್ಳುತ್ತಿರಲಿಲ್ಲ. ಹತ್ತಿರ ಕೂತು, "ಒರ್ಸು. ಮತ್ತೊಂದ್ಸಲ ಬರಿ" ಎನ್ನುವುದು ಅಷ್ಟೇ.

ಸಹನಾ ಬಣ್ಣಕ್ಕೂ ಕೈ ಹಾಕಿದಳು, ಹೆಜ್ಜೆಗೂ ಕಾಲು ಹಾಕಿದಳು. ಚಿತ್ರದ ಕೆಳಗೆ ಹೆಸರು ಬರೆಯಬೇಕು, ಪಾತ್ರದ ಮಾತು ಓದಬೇಕು ಎಂದು ಅಕ್ಷರವೂ ಕೈಗೆ ಹತ್ತಿತು. ಬುಟ್ಟಿ ಹೊರುವುದಕ್ಕೇ ಸೈ ಎಂದ ಮಾಸ್ತರು ನನ್ನ ಹತ್ತಿರ ಮೀನು ಕೊಳ್ಳುವಾಗ ಮುಖ ತಿರುಗಿಸಿಕೊಳ್ಳತೊಡಗಿದರು. ನನಗೆ ಅದೂ ಸಂತೋಷವೇ, ಸುಳ್ಳು ಯಾಕೆ ಹೇಳಲಿ?

ಆಮೇಲೆ ಆ ಗ್ಯಾದರಿಂಗ್ ಬಂತು, ಶಾಲೆಯ ವಾರ್ಷಿಕೋತ್ಸವ. ಅವಳು ಹತ್ತನೆಯಲ್ಲಿದ್ದ ವರ್ಷ. ದೊಡ್ಡ ಅತಿಥಿಗಳು ಬರುವವರಿದ್ದರು, ಕಲಾ ವಿಭಾಗದ ಮಕ್ಕಳದ್ದು ಯಕ್ಷಗಾನ, ಸಹನಾಳದ್ದು ರಕ್ಕಸಿಯ ವೇಷ. ಶಾಲಾ ಸಮಿತಿಯ ಅಧ್ಯಕ್ಷರ ಸೊಸೆಗೆ ಬ್ಯೂಟಿ ಪಾರ್ಲರ್ ಇದೆ. ಅಕ್ಕೋರು ರಂಗದ ಪರದೆ ಕಟ್ಟಿಸುತ್ತಿದ್ದ ಹೊತ್ತಿನಲ್ಲಿ ಆಕೆ ಪೆಟ್ಟಿಗೆ ಸಮೇತ ಬಂದು ಮಕ್ಕಳನ್ನು ಸಾಲಾಗಿ ಕೂರಿಸಿ ಮೇಕಪ್ ಮಾಡಿಬಿಟ್ಟಿದ್ದಾಳೆ. ನಾನು ಗಂಜಿ ಡಬ್ಬಿ ಕೊಡಲು ಒಳಗೆ ಹೋದರೆ ನನ್ನ ಮೊಮ್ಮಗಳ ಗುರುತೇ ಸಿಗಲಿಲ್ಲ. ಬೆಳ್ಳಗೆ ಸುಣ್ಣ ಹೊಡೆದ ಹಾಗೆ ಮುಖ, ಗುಲಾಬಿ ಕೆನ್ನೆ. ರಕ್ಕಸಿ ಮದುಮಗಳಾಗಿ ಕೂತಿದ್ದಳು!

"ಹುಡುಗಿ ಸ್ವಲ್ಪ ಕಪ್ಪು ಅಲ್ದಾ ಅಜ್ಜಿ, ಅದ್ಕೇ ಎರಡು ಕೋಟ್ ಹಾಕಿದ್ದೆ" ಎಂದಳು ಆಕೆ. ಅಪಕಾರ ಮಾಡಬೇಕೆಂದು ಬಂದವಳಲ್ಲ, ಪಾಪ.

ಸಹನಾ ಕನ್ನಡಿ ನೋಡಿಕೊಂಡಳು. ಪಂಚೆಯ ತುಂಡಿಗೆ ಎಣ್ಣೆ ಹಚ್ಚಿ ಮುಖ ಒರೆಸಿದಳು. ಅವಳನ್ನು ನೋಡಿ ಪಕ್ಕದವಳು, ಅವಳನ್ನು ನೋಡಿ ಆಚೆಯವನು. ಎಲ್ಲರೂ ಒರೆಸಿ ಮೊದಲಿಂದ ಬರೆದುಕೊಳ್ಳತೊಡಗಿದರು. ಹೊರಗೆ ಅತಿಥಿಗಳು ವಾಚು ನೋಡುತ್ತ ಕೂತರು, ಅಧ್ಯಕ್ಷರು ಬೆವರುತ್ತ ನಿಂತರು, ಸೊಸೆ ಅಳುತ್ತ ಮನೆಗೆ ಹೋದಳು. ಆಟ ಮಾತ್ರ ಎಂಥದಾಯಿತು ಎನ್ನುತ್ತೀರಿ! ರಕ್ಕಸಿ ಬಂದು ಒಂದು ಕೂಗು ಹಾಕಿದಾಗ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲು ಹತ್ತಿದವು. ಊರೇ ಎದ್ದು ಚಪ್ಪಾಳೆ ಹೊಡೆಯಿತು.

ಮರುವಾರ ಪಾಲಕರ ಸಭೆ. ಅಧ್ಯಕ್ಷರು ಮೊದಲು ಮೆತ್ತಗೇ ಸುರು ಮಾಡಿದರು. "ಆದದ್ದು ಆತು. ಆ ಹುಡುಗಿ ಬಂದು ನಮ್ಮ ಸೊಸೆ ಹತ್ರ ತಪ್ಪಾತು ಹೇಳ್ಲಿ, ವಿಭಾಗ ನಡೀಲಿ."

ಸಹನಾ ಎದ್ದು ನಿಂತಳು. ಹೇಳುವವಳೇ ಇದ್ದಳು, ವಿಭಾಗ ಉಳಿದರೆ ಸಾಕಿತ್ತು ಅವಳಿಗೆ. ಅಕ್ಕೋರು ಅವಳ ಭುಜ ಹಿಡಿದು ಕೂರಿಸಿದರು.

"ಬೇಡ ತಂಗಿ. ಮಕ್ಕಳು ನಾ ಕಲಿಸಿದ್ದೇ ಮಾಡಿದ್ದು. ನಿಮ್ಮ ಸೊಸೆ ಮನಸ್ಸಿಗೆ ನೋವಾದದ್ದಕ್ಕೆ ನಾ ಕ್ಷಮೆ ಕೇಳ್ತೆ, ಈಗ್ಲೇ. ಒರ್ಸಿದ್ದು ತಪ್ಪು ಅಂತ ಮಾತ್ರ ಈ ಹುಡುಗಿ ಬಾಯಲ್ಲಿ ಹೇಳ್ಸೂದಿಲ್ಲ."

ಅಧ್ಯಕ್ಷರ ಮುಖ ಕೆಂಪಾಯಿತು. ಶಿಸ್ತು ಇಲ್ಲ ಎಂದರು. ಕುಣಿದರೆ ಮಾರ್ಕು ಬೀಳುವುದಿಲ್ಲ ಎಂದರು. ಆ ಕೋಣೆಯಲ್ಲಿ ಕೋಚಿಂಗ್ ನಡೆಸಿದರೆ ಹೇಗೆ ಎಂದರು. ನಾನು ಎದ್ದೆ. "ಈ ವಿಭಾಗ ಇಲ್ದಿದ್ರೆ ನನ್ನ ಮೊಮ್ಮಗಳು ಇವತ್ತು ಶಾಲೆಯಲ್ಲೇ ಇರ್ತಿರ್ಲಿಲ್ಲ" ಎಂದೆ.

"ಅಜ್ಜಿ, ನೀವು ಎಷ್ಟನೇ ಇಯತ್ತೆ ಕಲ್ತದ್ದು?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗೆ ಎದ್ದಿತು.

ಕೋಚಿಂಗ್ ಬೇಕಾದವರು ಕೈ ಎತ್ತಿ ಎಂದರು ಅಧ್ಯಕ್ಷರು. ಎತ್ತಿದರು. ಮಕ್ಕಳ ವೇಷವನ್ನು ಮೊಬೈಲಿನಲ್ಲಿ ಹಿಡಿದುಕೊಂಡವರು, ಎದ್ದು ನಿಂತು ಚಪ್ಪಾಳೆ ಹೊಡೆದವರು. ಅವೇ ಕೈಗಳು. ಒಂದೊಂದನ್ನೂ ನಾನು ಇವತ್ತಿಗೂ ಗುರುತು ಹಿಡಿಯಬಲ್ಲೆ. ದಿನಾ ನನ್ನ ಎದುರು ಬಂಗಡೆ ಒತ್ತಿ ನೋಡುವ ಕೈಗಳಲ್ಲವೇ?

ವಿಭಾಗ ಮುಚ್ಚಿದರು, ಅಕ್ಕೋರನ್ನು ಕೆಲಸದಿಂದ ಬಿಡಿಸಿದರು. ಕೆಲವು ಕಾಲ ಭಾನುವಾರ ನಮ್ಮ ಜಗಲಿಗೇ ಬಂದು ಸಹನಾಳಿಗೆ ಕಲಿಸಿದರು. ಆಮೇಲೆ ಭಟ್ಕಳದಲ್ಲಿ ಕೆಲಸ ಸಿಕ್ಕಿತೆಂದು ಹೋದರು, ಅಲ್ಲೇ ಹತ್ತಿರದ ಹೆಬಳೆಯಲ್ಲಿ ಕೋಣೆ ಹಿಡಿದಿದ್ದಾರೆ ಎಂದು ಗೊತ್ತಾಯಿತು. ಶಾಲೆಯ ಕನ್ನಡಿಗಳನ್ನೆಲ್ಲ ಕಿತ್ತರು. ಒಂದು ಮಾತ್ರ ಕೈ ತೊಳೆಯುವಲ್ಲಿ ಉಳಿದಿದೆ, ಮಾಸ್ತರುಗಳು ತಲೆ ಬಾಚಿಕೊಳ್ಳುತ್ತಾರೆ.

ಕಾಲೇಜಿಗೆ ಆಯ್ಕೆಯಾದ ಸುದ್ದಿ ಬಂದ ಕೂಡಲೇ ಪೇಡೆ ಕಟ್ಟಿಸಿಕೊಂಡು ಭಟ್ಕಳದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಎದುರಿಗೇ ಅವರ ಕೆಲಸದ ಅಂಗಡಿ. ಬ್ಯಾನರು ಪ್ರಿಂಟು ಮಾಡುವ ಅಂಗಡಿ. ಹುಟ್ಟುಹಬ್ಬ, ಶ್ರದ್ಧಾಂಜಲಿ, ಹೋಟೆಲಿನ ಬಿರಿಯಾನಿ, ಎಲ್ಲಾ ಅಲ್ಲೇ. ಅಕ್ಕೋರು ಕಂಪ್ಯೂಟರಿನ ಮುಂದೆ ಕೂತಿದ್ದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಇರುತ್ತಿದ್ದ ಬಣ್ಣ ಇರಲಿಲ್ಲ. ಕೈ ಚೊಕ್ಕಟವಾಗಿತ್ತು. ಅದನ್ನು ನೋಡಿಯೇ ನನಗೆ ಅಳು ಬಂತು.

"ಸುದ್ದಿ ನಂಗೆ ಬೆಳಿಗ್ಗೆನೇ ಗೊತ್ತಾತು ದುರ್ಗಮ್ಮ" ಎಂದು ಪರದೆ ನನ್ನ ಕಡೆ ತಿರುಗಿಸಿದರು. ನಮ್ಮ ಶಾಲೆಯ ಅಭಿನಂದನೆಯ ಬ್ಯಾನರು! ಎಡಕ್ಕೆ ಅಧ್ಯಕ್ಷರು, ದೊಡ್ಡದಾಗಿ, ಕೈ ಮುಗಿದುಕೊಂಡು. ಬಲಕ್ಕೆ ಸಣ್ಣದಾಗಿ ಸಹನಾ. 'ನಮ್ಮ ಶಾಲೆಯ ಹೆಮ್ಮೆ' ಎಂದು ಕೆಳಗೆ. ಅಕ್ಕೋರ ಹೆಸರು ಎಲ್ಲೂ ಇಲ್ಲ.

"ನೀವೇ ಮಾಡ್ತಾ ಇದ್ರಾ ಇದ್ನ? ಅವರಿಗೆ?"

"ಹೊಟ್ಟೆಪಾಡು. ಅಧ್ಯಕ್ಷರನ್ನ ಬೆಳ್ಳಗೆ ಮಾಡಿ ಅಂದ್ರು, ಮಾಡಿದ್ದೆ. ಹುಡುಗಿನೂ ಬೆಳ್ಳಗೆ ಮಾಡಿ ಅಂದ್ರು." ಪೇಡೆಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. "ಅದನ್ನ ನಾ ಮುಟ್ಟಲಿಲ್ಲ."

ನೋಡಿದೆ. ಹೌದು, ನನ್ನ ಸಹನಾಳೇ. ಅದೇ ಕಪ್ಪು, ಅದೇ ಮೊಂಡು ಮೂಗು. ನನ್ನದೇ ಮೂಗು.

ಶಾಲೆಗೆ ಬನ್ನಿ, ಇವಳಿಗೆ ಕಲಿಸಿದ್ದು ನೀವೇ ಎಂದು ಎಲ್ಲರ ಎದುರು ಹೇಳುತ್ತೇನೆ ಎಂದೆ. ಬೇಡ ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಮಾಲಕರು ಒಳಗಿನಿಂದ ಕರೆದರು, ಯಾರದ್ದೋ ಮದುವೆಯ ಬ್ಯಾನರು ಅರ್ಜೆಂಟಂತೆ. ನಾನು ಹೊರಗೆ ಬಂದೆ. ಹೊನ್ನಾವರದ ಬಸ್ಸು ಹೊರಡುವುದರಲ್ಲಿತ್ತು. ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ ನೋಡಿದರೆ, ಅಕ್ಕೋರು ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದಾರೆ. ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆರಳು ನಿಲ್ಲಿಸಿ.

ಕಂಡಕ್ಟರ್ ಬೈಯುತ್ತಿದ್ದ. ನಾನು ಕಾಲು ಕೆಳಗಿಟ್ಟು, ಮುಖ ಎತ್ತಿ, ಅಲುಗಾಡದೆ ನಿಂತೆ.