ಪೆಂಡುರ್ತಿ ಗುಡ್ಡದ ನೆಲಸಂಪಿಗೆ

ಹೂವನ್ನು ಕಾಡುಹಂದಿ ತಿಂದಿತೆಂದು ಆ ಭಾನುವಾರ ಒಬ್ಬ ಹುಡುಗಿ ನಂಬಿದಳು. ಹಂದಿಯೂ ಇಲ್ಲ, ಗಿಂದಿಯೂ ಇಲ್ಲ. ಏಳು ಮೊಗ್ಗನ್ನೂ ಕಿತ್ತವಳು ನಾನು. ಕಾರಣ ಹೊಟ್ಟೆಕಿಚ್ಚು.

ನಾನು ಕೆಲಸ ಬಿಡುವುದಕ್ಕೆ ಒಂದು ವರ್ಷ ಮೊದಲಿನ ಮಾತು ಇದು. ಶಿವರಾತ್ರಿ ಕಳೆದಿತ್ತು, ಯುಗಾದಿ ಬಂದಿರಲಿಲ್ಲ. ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ, ಗುಡ್ಡದ ಬುಡದಲ್ಲಿರುವ ಒಂದು ಔಷಧಿ ಕಂಪನಿಯ ಗೆಸ್ಟ್ ಹೌಸಿನಲ್ಲಿ ನಾನು ಹನ್ನೊಂದು ವರ್ಷದಿಂದ ತೋಟದ ಕೆಲಸದವಳು. ತೋಟವೆಂದರೆ ಸಾಲು ಗುಲಾಬಿಯಲ್ಲ. ಬೇವು, ಗೇರು, ಮುತ್ತುಗದ ಮರಗಳನ್ನು ಇದ್ದ ಹಾಗೇ ಬಿಟ್ಟು, ಅವುಗಳಡಿ ತಾನಾಗಿ ಹುಟ್ಟುವುದನ್ನು ಹುಟ್ಟಲು ಬಿಟ್ಟ ಕಾಡುತೋಟ.

ನನ್ನೂರು ಚಿಂತಾಮಣಿ ಕಡೆ, ಓದು ಎರಡನೇ ಕ್ಲಾಸಿಗೆ ಮುಗಿಯಿತು. ಮದುವೆಯಾಗಿ ವಿಜಯವಾಡಕ್ಕೆ ಬಂದವಳು, ಈ ಕೆಲಸಕ್ಕೆ ಸೇರುವ ಮೊದಲು, ಅಲ್ಲಿನ ಗವರ್ನರ್‌ಪೇಟೆಯ ಅಂಗಡಿಯೊಂದರ ಮುಂದೆ ಕೂತು ಹದಿನಾರು ವರ್ಷ ಹೂ ಕಟ್ಟಿದೆ. ಹೂ ಕಟ್ಟುವವಳು ಮೊದಲು ನೋಡುವುದು ತೊಟ್ಟು. ತೊಟ್ಟಿದ್ದರೆ ದಾರಕ್ಕೆ ಸಿಗುತ್ತದೆ, ಇಲ್ಲದಿದ್ದರೆ ಕಸ. ಹಾಗಾಗಿ ಈ ತೋಟದ ಅರ್ಧಕ್ಕರ್ಧ ಹೂಗಳ ಹೆಸರು ನನಗೆ ತಿಳಿದಿರಲಿಲ್ಲ. ಅತಿಥಿಗಳು ಕೇಳಿದಾಗ ಗೊತ್ತಿಲ್ಲ ಎಂದರೆ ಮುಂದೆ ನಡೆದುಬಿಡುತ್ತಿದ್ದರು, ಹೆಸರು ಹೇಳಿದರೆ ನಿಂತು ಕೇಳುತ್ತಿದ್ದರು. ನಿಲ್ಲಲಿ ಎಂದು ನಾನೇ ಹೆಸರು ಹುಟ್ಟಿಸತೊಡಗಿದೆ. ಇಲ್ಲಿಯವರು ನನ್ನನ್ನು ಮಾಮ್ಮ, ಅಂದರೆ ಅಜ್ಜಿ, ಎನ್ನುತ್ತಿದ್ದರು; 'ಮಾಮ್ಮಗೆ ಗೊತ್ತಿಲ್ಲದ ಹೂವಿಲ್ಲ' ಎಂಬ ಮಾತು ಬೇರೂರಿಬಿಟ್ಟಿತು.

ಆಗ ಬಂದಳು ಸಹನಾ. ತುಮಕೂರಿನ ಹುಡುಗಿ, ಅಚ್ಯುತಾಪುರದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ವಾರದ ಕೊನೆಗೆ ಗೆಸ್ಟ್ ಹೌಸಿಗೆ ಬಂದು, ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡು, ವಸಂತದ ಕಾಡುಹೂಗಳ ಪಟ್ಟಿ ಮಾಡುತ್ತಿದ್ದಳು. ನಾನು ಅತಿಥಿಗಳಿಗೆ 'ಗುಡ್ಡದ ಕನಕಾಂಬರ' ತೋರಿಸುತ್ತಿದ್ದಾಗ ಹತ್ತಿರ ಬಂದು, "ಅಜ್ಜಿ, ಇದು ಮುಳ್ಳುಗೋರಂಟೆ ಅಲ್ವಾ? ನೀವ್ ಹೇಳಿದ್ದೂ ಹತ್ತಿರಾನೇ, ಕನಕಾಂಬರದ ನೆಂಟನೇ ಇದು" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮರ್ಯಾದೆ ಉಳಿಸಿ ತಿದ್ದಿದಳು, ಅದು ಉರಿಯಿತು. ಅತಿಥಿಗಳು ಅವಳ ಹಿಂದೆ ಹೋದರು. ನಾನು ಪೊರಕೆ ಹಿಡಿದು ನಿಂತೆ.

ಮ್ಯಾನೇಜರ್ ಪ್ರಸಾದ್‌ಗಾರು ಗುಡ್ಡದ ಮೇಲಿನ ಮಂಟಪಕ್ಕೆ ಕಾಂಕ್ರೀಟ್ ಕಾಲುದಾರಿ ಹಾಕಿಸುವವರಿದ್ದರು. ಸೋಮವಾರ ಕೆಲಸ ಶುರು. ಶನಿವಾರ ಸಂಜೆ ಸಹನಾ, ದಾರಿ ಬರುವ ಜಾಗದಲ್ಲೇ ಮಂಡಿಯೂರಿ ನನ್ನನ್ನು ಕೂಗಿದಳು.

"ಅಜ್ಜಿ, ಎಲೆನೇ ಇಲ್ಲ, ಬರೀ ನೆಲದಿಂದ ಮೊಗ್ಗು ಬಂದಿದೆ! ಏನಿದು?"

"ಯಾರಿಗ್ ಗೊತ್ತಮ್ಮ."

ಗೊತ್ತಿತ್ತು. ಹನ್ನೊಂದು ವರ್ಷ ಸುಳ್ಳು ಹೆಸರು ಹೇಳಿದ ನನಗೆ ನಿಜವಾಗಿ ಗೊತ್ತಿದ್ದ ಹೂ ಅದು. ತವರಿನಲ್ಲಿ ಬಚ್ಚಲ ಹಿಂದೆ ಬೆಳೆಯುತ್ತಿತ್ತು. ಕಾಲು ಉಳುಕಿದರೆ ಅಮ್ಮ ಅದರ ಗಡ್ಡೆ ಅರೆದು ಹಚ್ಚುತ್ತಿದ್ದಳು. ಮೊದಲು ಹೂ, ಮಳೆ ಬಿದ್ದ ಮೇಲೆ ಎಲೆ. ಹೇಳಿದರೆ ಅದೂ ಅವಳ ಪುಸ್ತಕಕ್ಕೆ ಹೋಗಿ ಅವಳದಾಗುತ್ತದೆ ಎಂದು ಬಾಯಿ ಬಿಡಲಿಲ್ಲ.

"ನಾಳೆ ಅರಳಿದ್ಮೇಲೆ ಸರ್‌ಗೆ ತೋರಿಸ್ತೀನಿ, ದಾರಿ ಪಕ್ಕಕ್ಕೆ ಹಾಕ್ತಾರೆ" ಎಂದು ಅವಳು ಆ ರಾತ್ರಿ ಗೆಸ್ಟ್ ಹೌಸಿನಲ್ಲೇ ಉಳಿದಳು. ಬೆಳಗ್ಗೆ ಅವಳು ಏಳುವ ಮೊದಲು ಮೂರು ಬುಡದ ಮೊಗ್ಗುಗಳನ್ನೂ ಕಿತ್ತು, ಮೇಲೆ ತರಗೆಲೆ ಎಳೆದೆ.

ಒಂಬತ್ತಕ್ಕೆ ಮ್ಯಾನೇಜರ್ ಬಂದರು. ಸಹನಾ ಹರಕು ತೆಲುಗಿನಲ್ಲಿ, "ನಿನ್ನ ಉಂದಿ ಸರ್, ನಿಜಂ" ಎಂದಳು, ನಿನ್ನೆ ಇತ್ತು, ನಿಜ ಎಂದು. ಮೊಬೈಲಿನಲ್ಲಿ ಮೊಗ್ಗಿನ ಫೋಟೋ ತೋರಿಸಿದಳು. ಮಬ್ಬಿನಲ್ಲಿ ತೆಗೆದದ್ದು, ಕಡ್ಡಿಯ ತುದಿಯಂತೆ ಕಾಣುತ್ತಿತ್ತು.

"ಕಲ ಗಾನಿ ಕನ್ನಾವಾ ಅಮ್ಮಾ?" ಕನಸೇನಾದರೂ ಕಂಡೆಯಾ ಎಂದು ಅವರು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಮಾಮ್ಮಾ, ನುವ್ವು ಚೆಪ್ಪು" ಎಂದರು. ನೀನು ಹೇಳು, ಇಲ್ಲಿ ಏನಾದರೂ ಇತ್ತಾ ಎಂದು.

"ಏಮೀ ಲೇದು ಬಾಬೂ." ಏನೂ ಇಲ್ಲಪ್ಪ ಎಂದುಬಿಟ್ಟೆ.

ಮಾಮ್ಮ ಹೇಳಿದ ಮೇಲೆ ಮುಗಿಯಿತು ಎಂದು ಅವರು ಹೊರಟರು. ನಾನು ಬಯಸಿದ್ದ ಮಾತೇ ಅದು.

ಸಹನಾ ನನ್ನನ್ನು ಅನುಮಾನಿಸಲಿಲ್ಲ. "ಹಂದಿ ತಿಂದಿರ್ಬೇಕು ಅಜ್ಜಿ. ನಿಮ್ ಕಣ್ಣಿಗೆ ಬಿದ್ದಿಲ್ಲ" ಎಂದು ಪಕ್ಕದಲ್ಲಿ ಕೂತು ಪುಸ್ತಕ ತೆರೆದಳು. ಪ್ರತಿ ಹೂವಿಗೂ ಎರಡು ಹೆಸರು: ಒಂದು ಅವಳು ಹುಡುಕಿದ್ದು, ಇನ್ನೊಂದು 'ಗೌರಮ್ಮಜ್ಜಿ ಹೇಳಿದ್ದು'. ನನ್ನ ಸುಳ್ಳುಗಳೆಲ್ಲ ಮುತ್ತಿನಂಥ ಅಕ್ಷರದಲ್ಲಿ ಕೂತಿದ್ದವು. ಕೊನೆಯ ಸಾಲಿನಲ್ಲಿ ಅವಳ ಕಡೆ ಬರೀ ಪ್ರಶ್ನೆ ಗುರುತು. ನನ್ನ ಕಡೆಯದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: 'ಅಜ್ಜಿಗೂ ಗೊತ್ತಿಲ್ಲ.'

ಅವಳು ಮಧ್ಯಾಹ್ನದ ಬಸ್ಸಿಗೆ ಹೋದಳು. ಆ ಸಾಲು ಹೋಗಲಿಲ್ಲ. ಗೊತ್ತಿಲ್ಲದ್ದಕ್ಕೆಲ್ಲ ಬಾಯಿ ಹಾಕಿದವಳು ಗೊತ್ತಿದ್ದ ಒಂದಕ್ಕೆ ಬಾಯಿ ಮುಚ್ಚಿದ್ದೆ. ತೋಟದ ಕೆಲಸ ಇದನ್ನು ನನಗೆ ಕಲಿಸಿತು: ಒಬ್ಬರ ಮೇಲಿನ ಉರಿಗೆ ಹೂ ಕಿತ್ತರೆ ಅವರಿಗೇನೂ ಆಗುವುದಿಲ್ಲ, ಸಾಯುವುದು ಗಿಡ. ಹೂ ಹೋದರೂ ಗಡ್ಡೆ ನೆಲದಲ್ಲಿತ್ತು. ಅದರ ಮೇಲೆ ಮರುದಿನ ಕಾಂಕ್ರೀಟ್ ಬೀಳುವುದಿತ್ತು.

ಸೋಮವಾರ ಆರು ಗಂಟೆಗೆ ಸಲಿಕೆ ತೆಗೆದುಕೊಂಡು ಹೋಗಿ ಒಂದು ಬುಡ ಅಗೆದೆ. ಬೇರಿಗೆ ಬಿಳಿ ಗೋಲಿಯಂಥ ಗಡ್ಡೆಗಳು ಜೋತುಬಿದ್ದಿದ್ದವು, ಮುರಿದರೆ ಕರ್ಪೂರದ ವಾಸನೆ. ಉಳಿದೆರಡು ಬುಡಗಳ ನಡುವೆ ಕೂತೆ. ಸುಣ್ಣದ ಗೆರೆ ಎಳೆಯಲು ಬಂದವರು ಮ್ಯಾನೇಜರನ್ನು ಕರೆತಂದರು. ನಿನ್ನೆ ಸುಳ್ಳು ಹೇಳಿದೆ ಎಂದು ಅವರ ಕೈಗೆ ಗಡ್ಡೆ ಕೊಟ್ಟೆ. ಅವರು ಗಡ್ಡೆ ಮೂಸಿದರು, ನನ್ನ ಮುಖ ನೋಡಿದರು, ಗೆರೆಯನ್ನು ನಾಲ್ಕು ಅಡಿ ಪಕ್ಕಕ್ಕೆ ಎಳೆಯಿರಿ ಎಂದರು. ನಾನು ಅಲ್ಲಿಂದಲೇ ಸಹನಾಗೆ ಫೋನ್ ಮಾಡಿದೆ.

"ಪುಸ್ತಕ ತೆಗಿಯಮ್ಮ. ಅಜ್ಜಿಗೂ ಗೊತ್ತಿಲ್ಲ ಅಂತ ಬರ್ದಿದ್ದೀಯಲ್ಲ, ಅದನ್ನ ಹೊಡ್ದು ಹಾಕು. ನೆಲಸಂಪಿಗೆ ಅಂತ ಬರಿ. ಕಿತ್ತೋಳು ಗೌರಮ್ಮ. ಅದನ್ನೂ ಬರಿ."