ತಂಗುದಾಣದ ಗೋಡೆಯ ಮೇಲಿನ ಮಾತು

ರಚನಾ, ಚೇತನ್ — ನಿಮ್ಮ ಅಜ್ಜ ಸಾಯುವಾಗ ಆ ಮಾತು ಹೇಳಲೇ ಇಲ್ಲ. ಅದು ನಾನು ಹೇಳಿದ ಸುಳ್ಳು.

ಭದ್ರಾವತಿಯಲ್ಲಿ ಅವರ ಹೆಸರಿನ ಬಸ್ ತಂಗುದಾಣ ಇದೆಯಲ್ಲ, ಅದರ ಗೋಡೆಯಲ್ಲಿ ಅವರ ಚಿತ್ರದ ಕೆಳಗೆ ನೀಲಿ ಬಣ್ಣದಲ್ಲಿ ಬರೆದಿದ್ದಾರೆ — 'ನನ್ನ ನಂತರ ನನ್ನ ಮನೆಯಿಂದ ಯಾರೂ ಬೇಡ.' ಚೇತನ್ ಮೂರು ವರ್ಷದವನಿದ್ದಾಗ ನನ್ನ ಸೊಂಟದ ಮೇಲೆ ಕೂತು ಆ ಅಕ್ಷರಗಳನ್ನು ಬೆರಳಲ್ಲಿ ತೀಡಿದ್ದ. ಪೇಪರಿನಲ್ಲಿ ಬಂದ ಮಾತು, ಎದುರು ಪಕ್ಷದವರೂ ಮೈಕಿನಲ್ಲಿ ಹೊಗಳಿದ ಮಾತು. ನಿಮ್ಮ ಅಜ್ಜ ಹೇಳಿದ್ದೇ ಬೇರೆ. ಅದನ್ನು ನಾನು ಇಷ್ಟು ವರ್ಷ ಯಾರಿಗೂ — ಯಾರಿಗೆ ಹೇಳಬೇಕಿತ್ತೋ ಅವಳಿಗೂ — ಹೇಳಿಲ್ಲ.

ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ನಾಲ್ಕು ಜನ ಕೂತಿದ್ದರೆ ಅಡುಗೆಮನೆಯ ಬಾಗಿಲು ದಾಟಿದವಳಲ್ಲ. ನಿಮ್ಮೆದುರು ಕೂತು ಹೇಳಲು ನನಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮ ಅಜ್ಜನನ್ನು ನೀವು ಫೋಟೋದಲ್ಲಿ ನೋಡಿದ್ದೀರಿ, ಹಾರ ಹಾಕಿಕೊಂಡ ಗಂಭೀರ ಮುಖ. ಅವರು ಹಾಗಿರಲಿಲ್ಲ. ಭದ್ರಾವತಿಯಲ್ಲಿ ಕಾರ್ಖಾನೆಯ ಗೇಟಿನ ಎದುರಿಗೆ ಅವರದೊಂದು ಸೈಕಲ್ ಶಾಪು ಇತ್ತು. ಪಾಳಿ ಬಿಟ್ಟಾಗ ಪಂಕ್ಚರ್ ಹಾಕಿಸಲು ಬಂದವರು ತಮ್ಮ ಕಷ್ಟವನ್ನೂ ಅಲ್ಲೇ ಇಳಿಸುತ್ತಿದ್ದರು. ಕನ್ನಡದವರು, ತಮಿಳಿನವರು, ತೆಲುಗಿನವರು — ಕನ್ನಡ ಬಿಟ್ಟು ಉಳಿದ ಭಾಷೆಗಳೂ ಇವರಿಗೆ ಅರ್ಧರ್ಧ ಬರುತ್ತಿದ್ದವು, ಬಾರದ ಅರ್ಧವನ್ನು ನಕ್ಕು ತುಂಬಿಸುತ್ತಿದ್ದರು. ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಬರುತ್ತದೆ ಅಂತ ನೋಡುತ್ತಲೇ ಯಾರ ಮನೆಯ ರೇಷನ್ ಕಾರ್ಡು ಎಲ್ಲಿ ನಿಂತಿದೆ ಅಂತ ಕೇಳಿ ತಿಳಿದುಕೊಳ್ಳುತ್ತಿದ್ದರು. ಊರಿಗೆಲ್ಲ ಸೈಕಲ್ ನಿಂಗಣ್ಣ. ಆ ಜನವೇ ಅವರನ್ನು ಎಳೆದುಕೊಂಡು ಹೋಗಿ ಚುನಾವಣೆಗೆ ನಿಲ್ಲಿಸಿದ್ದು. ಗೆದ್ದರು. ಮತ್ತೊಮ್ಮೆ ಗೆದ್ದರು. ಶಾಸಕರಾದ ಮೇಲೂ ಮನೆಗೆ ಅರ್ಜಿ ಹಿಡಿದು ಬಂದವರ ಸೈಕಲ್ಲನ್ನು ಮೊದಲು ಹೆಬ್ಬೆರಳಲ್ಲಿ ಒತ್ತಿ ನೋಡಿ, 'ಗಾಳಿ ಇಲ್ವಲ್ಲೋ' ಅಂತ ತಾವೇ ಪಂಪು ಹಿಡಿಯುತ್ತಿದ್ದರು. ಗನ್‌ಮ್ಯಾನ್ ಪಾಪ, ಪಕ್ಕದಲ್ಲಿ ನಿಂತು ಏನು ಮಾಡಬೇಕು ತಿಳಿಯದೆ ಸೈಕಲ್ ಹಿಡಿದುಕೊಳ್ಳುತ್ತಿದ್ದ.

ವಿಧಾನಸಭೆಯಲ್ಲಿ ಮಾತಾಡಬೇಕಾದಾಗಲೆಲ್ಲ ಅವರಿಗೆ ನಡುಕ. ಹಿಂದಿನ ದಿನ ನಾನು ರೊಟ್ಟಿ ತಟ್ಟುವಾಗ ಅಡುಗೆಮನೆಗೆ ಬಂದು, ಹೆಗಲ ಟವೆಲ್ ಸರಿಮಾಡಿಕೊಂಡು, 'ಮಾನ್ಯ ಸಭಾಧ್ಯಕ್ಷರೇ' ಅಂತ ನನಗೆ ಹೇಳಲು ಶುರು ಮಾಡುತ್ತಿದ್ದರು. ನಾನು ಹೆಂಚಿನ ಮೇಲಿನ ರೊಟ್ಟಿ ಮಗುಚುತ್ತಾ, 'ಕೂತ್ಕೊಳ್ಳಿ, ನಿಮ್ ಟೈಮ್ ಆಯ್ತು' ಅಂದರೆ, 'ಇಲ್ಲೂ ಮಾತಾಡಕ್ಕೆ ಬಿಡಲ್ವಲ್ಲ ಮಾರಾಯ್ತಿ' ಅಂತ ಒಂದು ರೊಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ನಾನು ಧೈರ್ಯವಾಗಿ ಮಾತಾಡಿದ ಸಭೆ ಅದೊಂದೇ.

ನಿಮ್ಮ ಅಮ್ಮ ವಸಂತಿ ಹಾಗಲ್ಲ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎಂ.ಎ. ಮುಗಿಸಿ ಬಂದವಳು ಅಪ್ಪನ ಜೊತೆ ಹೊರಗಿನ ಕೋಣೆಯಲ್ಲಿ ಕೂತಳು. ಯಾವ ಕೆಲಸಕ್ಕೆ ಯಾವ ಕಚೇರಿ, ಯಾವ ಗುಮಾಸ್ತನಿಗೆ ಗದರಬೇಕು, ಯಾರಿಗೆ ಅಣ್ಣಾ ಅನ್ನಬೇಕು — ಎಲ್ಲ ಅವಳಿಗೆ ಗೊತ್ತಿತ್ತು. ಬಂದವರಿಗೆ ಅಜ್ಜ ಅವಳನ್ನು ತೋರಿಸಿ, 'ಮೊದ್ಲು ಮಿನಿಸ್ಟ್ರನ್ನ ನೋಡ್ಕೊಂಡ್ ಬನ್ನಿ, ಆಮೇಲೆ ನಾನು' ಅನ್ನುತ್ತಿದ್ದರು. ತಮಾಷೆಗೆ ಅನ್ನುತ್ತಿದ್ದರು ಅಂತ ನಾನು ಅಂದುಕೊಂಡಿದ್ದೆ.

ಆಗ ಇಬ್ಬರೂ ಒಂದು ಬಸ್ಸಿನ ಹಿಂದೆ ಬಿದ್ದಿದ್ದರು. ಕಾರ್ಖಾನೆಯ ಕ್ವಾರ್ಟರ್ಸ್ ಕಡೆಯ ಹೆಣ್ಣುಮಕ್ಕಳಿಗೆ ಶಂಕರಘಟ್ಟಕ್ಕೆ ಬೆಳಿಗ್ಗೆ ನೇರ ಬಸ್ಸಿರಲಿಲ್ಲ. ಸ್ಟ್ಯಾಂಡಿಗೆ ನಡೆದು, ತುಂಬಿದ ಬಸ್ಸಿನಲ್ಲಿ ನೇತಾಡಿ, ಮೊದಲನೆಯ ಕ್ಲಾಸು ತಪ್ಪಿಸಿಕೊಂಡು — ವಸಂತಿಯೂ ಹಾಗೇ ಓದಿದವಳು. ಎಷ್ಟೋ ಮಂದಿ ಅದಕ್ಕೇ ಓದು ಬಿಟ್ಟರು. ಡಿಪೋಗೆ, ಆಫೀಸಿಗೆ ಅಪ್ಪ ಮಗಳು ಅಲೆದದ್ದೇ ಅಲೆದದ್ದು.

ಅಷ್ಟರಲ್ಲಿ ಅಜ್ಜನಿಗೆ ಎದೆನೋವು ಬಂತು. ಶಿವಮೊಗ್ಗಕ್ಕೆ ತಂದು ದುರ್ಗಿಗುಡಿಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದಲ್ಲಿ ಸುಧಾರಿಸಿದ ಹಾಗೆ ಕಂಡರು. ವಸಂತಿ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನೊಬ್ಬಳೇ ಇದ್ದೆ. ಅವರು ಕಣ್ಣು ಬಿಟ್ಟು ಹೇಳಿದರು —

'ವಸಂತಿ ಬಂದ್ರೆ ಹೇಳು, ಆ ಬಸ್ಸಿನ ವಿಷಯ ಬಿಡಬೇಡ ಅಂತ. ಇನ್ಮೇಲೆ ಎಲ್ಲಾ ಅವಳೇ ನೋಡ್ಕೊಳ್ಳಲಿ. ನನಗಿಂತ ಚೆನ್ನಾಗಿ ಮಾಡ್ತಾಳೆ.'

ನಾನು 'ಆಯ್ತು, ಮಲಕ್ಕೊಳ್ಳಿ' ಅಂದೆ. ಮಲಗಿದವರು ಮತ್ತೆ ಮಾತಾಡಲಿಲ್ಲ.

ಮೊದಲ ದಿನಗಳಲ್ಲಿ ಹೇಳಲು ಆಗಲಿಲ್ಲ ಅನ್ನುವುದು ನಿಜ. ಮನೆ ತುಂಬ ಜನ, ಹಾರ, ಪೊಲೀಸರು, ಅಳು. ಆದರೆ ಹನ್ನೊಂದನೆಯ ದಿನ —

ಅವತ್ತು ತಿಥಿ ಊಟಕ್ಕೆ ಪಕ್ಷದ ಹಿರಿಯರು ಬಂದಿದ್ದರು. ಅವರಲ್ಲೊಬ್ಬರು ಅಜ್ಜನನ್ನು ಅಣ್ಣಾ ಅಂತಲೇ ಕರೆಯುತ್ತಿದ್ದವರು. ಅಡುಗೆಮನೆಯ ಬಾಗಿಲ ಹತ್ತಿರವೇ ಬಂದು ನಿಂತು, 'ಅತ್ತಿಗೆ, ಉಪಚುನಾವಣೆ ಬರುತ್ತೆ. ನೀವು ನಿಲ್ಬೇಕು. ಅಣ್ಣನ ಮೇಲಿನ ಪ್ರೀತಿ ಜನಕ್ಕೆ ಹಾಗೇ ಇದೆ' ಅಂದರು. ನಾನು ತಲೆ ಅಲ್ಲಾಡಿಸಿದೆ. 'ನಿಮಗೆ ಕಷ್ಟ ಆದ್ರೆ ಬೇಡ. ವಸಂತಿ ಇದಾಳಲ್ಲ' ಅಂದರು.

ವಸಂತಿ ಪಂಕ್ತಿಗೆ ಎಲೆ ಹಾಕುತ್ತಿದ್ದಳು. ಎಲೆ ಹಿಡಿದ ಕೈ ನಿಂತಿತು. ಅವಳು ನನ್ನ ಕಡೆ ತಿರುಗಿದಳು — ಅಪ್ಪ ಹೋದ ಮೇಲೆ ಮೊದಲ ಸಲ ಆ ಮುಖದಲ್ಲಿ ಜೀವ ಕಂಡಿತು. ಅದನ್ನು ನೋಡಿ ಸಂತೋಷಪಡಬೇಕಾದ ತಾಯಿ ಹೆದರಿದಳು.

ಯಾಕೆ ಹೆದರಿದೆ? ಹಿಂದಿನ ಚುನಾವಣೆಯಲ್ಲಿ ಯಾರೋ ನಮ್ಮ ಶಾಪಿನ ಪಕ್ಕದ ಗೋಡೆಯಲ್ಲಿ ವಸಂತಿಯ ಬಗ್ಗೆ ಬರೆಯಬಾರದ್ದನ್ನು ಬರೆದಿದ್ದರು. ಅಪ್ಪ ಮಗಳು ಏಳುವುದರೊಳಗೆ ನಾನೇ ಸುಣ್ಣ ಬಳಿದು ಬಂದಿದ್ದೆ. ಅದು ಒಂದು. ಆದರೆ ಅದನ್ನೇ ಮುಂದೆ ಮಾಡಿದರೆ ನಾನು ಮತ್ತೆ ಸುಳ್ಳು ಹೇಳಿದ ಹಾಗೆ. ಒಳಗೆ ಇನ್ನೊಂದಿತ್ತು. ಅಷ್ಟು ವರ್ಷ ನನ್ನ ಗಂಡ ಊರಿನವರಾಗಿದ್ದರು. ಊಟಕ್ಕೆ ಕೂತವರನ್ನು ಯಾರೋ ಎಬ್ಬಿಸಿಕೊಂಡು ಹೋಗುತ್ತಿದ್ದರು. ಅವರಂತೂ ಹೋದರು, ಮಗಳಾದರೂ ನನ್ನವಳಾಗಿ ಉಳಿಯಲಿ — ಇಷ್ಟೇ. ಇಷ್ಟು ಸಣ್ಣದು.

ಹೊರಗಿನವರ ಎದುರು ಬಾಯಿ ಬಿಡದವಳು ಸೆರಗು ಸರಿಮಾಡಿಕೊಂಡು ಹೇಳಿದೆ: 'ಅವರು ಹೋಗೋವಾಗ ನನ್ ಹತ್ರ ಮಾತು ತಗೊಂಡಿದಾರೆ. ನನ್ನ ನಂತರ ನನ್ನ ಮನೆಯಿಂದ ಯಾರೂ ಬೇಡ ಅಂದ್ರು.'

ಆ ಹಿರಿಯರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಒಳಗಿದ್ದ ಫೋಟೋಗೆ ಕೈ ಮುಗಿದರು. ನಾಚಿಕೆಯ ಹೆಂಗಸು, ಇವಳು ಸುಳ್ಳು ಹೇಳುತ್ತಾಳೆ ಅಂತ ಯಾರು ಅಂದುಕೊಳ್ಳುತ್ತಾರೆ? ವಸಂತಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಉಳಿದ ಎಲೆಗಳನ್ನು ಹಾಕುತ್ತಾ ಹೋದಳು.

ಟಿಕೆಟ್ಟು ಬೇರೆಯವರಿಗೆ ಹೋಯಿತು. ಶ್ರದ್ಧಾಂಜಲಿ ಸಭೆಯಲ್ಲಿ ಆ ಮಾತು ಹೇಳಿದಾಗ ಜನ ಎದ್ದು ನಿಂತರಂತೆ. ಆಮೇಲೆ ಅವರ ಹೆಸರಲ್ಲಿ ತಂಗುದಾಣ ಕಟ್ಟಿಸಿ ಅದನ್ನೇ ಬರೆಸಿದರು. ಅವರು ಕೇಳಿದ್ದ ಬಸ್ಸು ಮಾತ್ರ ಆ ತಂಗುದಾಣಕ್ಕೆ ಬರಲಿಲ್ಲ. ಸಾಯುವಾಗ ಹೇಳಿದ್ದು ಬಸ್ಸಿನ ಮಾತು ಅಂತ ಗೊತ್ತಿದ್ದವಳು ನಾನೊಬ್ಬಳೇ. ಆ ಗೋಡೆಯ ಮುಂದೆ ನಿಂತಾಗಲೆಲ್ಲ ನಾನು ತಲೆ ಎತ್ತಿ ಓದಿದವಳಲ್ಲ. ಭಕ್ತಿಯಿಂದ ತಲೆ ಬಗ್ಗಿಸಿದ್ದಾಳೆ ಅಂತ ನೋಡಿದವರು ಅಂದುಕೊಂಡರು.

ಇನ್ನೊಂದನ್ನೂ ಹೇಳಿಬಿಡಬೇಕು. ನಿಮ್ಮ ಅಪ್ಪನಂಥ ಒಳ್ಳೆಯವನ ಜೊತೆ ಮದುವೆಯಾಗಿ, ವಸಂತಿ ಮೊದಲ ಬಾಣಂತನಕ್ಕೆ ನನ್ನ ಹತ್ತಿರ ಬಂದಿದ್ದಳು. ರಚನಾ, ನೀನು ತೊಟ್ಟಿಲಲ್ಲಿ ಮಲಗಿದ್ದೆ. ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ನನ್ನ ಕಡೆ ತಿರುಗದೆಯೇ ಕೇಳಿದಳು — 'ಅಮ್ಮಾ, ಕೊನೇಲಿ ಅಪ್ಪ ನನ್ ಬಗ್ಗೆ ಏನಾದ್ರೂ ಅಂದ್ರಾ?'

'ಇಲ್ಲ ಕಣೆ' ಅಂದೆ.

ಮೊದಲನೆಯದು ಹೆದರಿ ಹೇಳಿದ್ದು. ಇದನ್ನು ಹೆದರಿಕೆಯಿಲ್ಲದೆ, ಅವಳ ಕೂದಲು ನೀವುತ್ತಾ ಹೇಳಿದೆ. ಮೊದಲಿನದಕ್ಕಿಂತ ಇದೇ ದೊಡ್ಡದು. ಅವಳು ಮತ್ತೆಂದೂ ಕೇಳಲಿಲ್ಲ. ಮೇಷ್ಟ್ರ ಕೆಲಸ ಹಿಡಿದಳು. ಶಿವಮೊಗ್ಗದ ಈ ಆಲ್ಕೊಳಕ್ಕೆ ಬಂದ ಮೇಲೂ ಅಕ್ಕಪಕ್ಕದವರು ಪಿಂಚಣಿಗೆ, ಖಾತೆಗೆ ಅಂತ ಕಾಗದ ಹಿಡಿದು ಅವಳ ಹತ್ತಿರವೇ ಬರುತ್ತಾರೆ. ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಕೂತು ನೋಡುತ್ತಾಳೆ. ಅಪ್ಪನ ಹಾಗೆಯೇ ತುಟಿ ಕಚ್ಚಿಕೊಂಡು. ನಾನು ಅದನ್ನು ದಿನಾ ನೋಡುತ್ತಾ ಬಂದಿದ್ದೇನೆ.

ಹೋದ ಭಾನುವಾರ ಪಕ್ಷದವರು ನಮ್ಮ ಮನೆಗೆ ಬಂದರಲ್ಲ. ರಚನಾ, ವಕೀಲಿಕೆಯಲ್ಲಿ ನೀನು ಬಡವರಿಗೆ ಮಾಡುತ್ತಿರುವುದು ಅವರ ಕಿವಿಗೆ ಬಿದ್ದಿದೆ. ನಿಲ್ಲಮ್ಮಾ ಅಂದರು. ನಿನ್ನ ಮುಖದಲ್ಲಿ ಅದೇ ಬೆಳಕು ಬಂದು ಹೋದದ್ದನ್ನು ನಾನು ಕೊತ್ತಂಬರಿ ಸೊಪ್ಪು ಸೋಸುತ್ತಾ ಬಾಗಿಲ ಸಂದಿಯಿಂದ ನೋಡಿದೆ. ನೀನು ಕೈ ಮುಗಿದು ಹೇಳಿದೆ: 'ಅಜ್ಜನ ಮಾತು ಮೀರೋಕಾಗಲ್ಲ ಸಾರ್.' ಚೇತನ್, ನೀನು ನಕ್ಕು, 'ನಮ್ಮನೇಲಿ ಅಜ್ಜಾನೇ ಸುಪ್ರೀಂ ಕೋರ್ಟು, ಮೇಲ್ಮನವಿ ಇಲ್ಲ' ಅಂದೆ. ಎಲ್ಲರೂ ನಕ್ಕರು. ನಿಮ್ಮ ಅಮ್ಮ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಬಂದಳು. ಎಲೆ ಹಾಕಿದ ದಿನದ ಅದೇ ಮುಖ. ಯೋಚನೆ ಮಾಡಿ, ಈ ಭಾನುವಾರ ಮತ್ತೆ ಬರುತ್ತೇವೆ ಅಂದು ಅವರು ಹೋದರು.

ಒಬ್ಬಳ ದಾರಿಗೆ ಅಡ್ಡ ಇಟ್ಟ ಕಲ್ಲು ಈಗ ಅವಳ ಮಗಳ ದಾರಿಗೂ ಅಡ್ಡ ಬಂದಿದೆ. ಇದನ್ನು ನೋಡಿಕೊಂಡು ನಾನು ಸುಮ್ಮನೆ ಸತ್ತರೆ —

ರಚನಾ, ನಿಲ್ಲು ಅಂತ ನಾನು ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಹೇಳುವ ಯೋಗ್ಯತೆಯನ್ನು ನಾನು ಕಳೆದುಕೊಂಡಿದ್ದೇನೆ. ಬೇಡ ಅನ್ನಿಸಿದರೆ ನಿನಗೆ ಬೇಡವೆಂದೇ ಬಿಡು. ಅಜ್ಜನ ಹೆಸರಲ್ಲಿ ಬಿಡಬೇಡ. ಅವರು ಯಾರನ್ನೂ ತಡೆದವರಲ್ಲ. ಗಾಳಿಯಿಲ್ಲದ ಸೈಕಲ್ ಕಂಡರೆ ಪಂಪು ಹಿಡಿದವರು.

ಇವತ್ತು ಸಂಜೆ ವಸಂತಿ ಶಾಲೆಯಿಂದ ಬಂದ ಮೇಲೆ ಅವಳಿಗೆ ಹೇಳುತ್ತೇನೆ. ಅವಳಿಗೆ ಹೇಳಿದ ಮೇಲೇ ಇದು ನಿಮ್ಮ ಕೈಗೆ ಬರುವುದು. ಅವಳು ಬೈಯಬಹುದು, ನನ್ನ ಕೂಡ ಮಾತು ಬಿಡಬಹುದು. ಸುಮ್ಮನೆ ಎದ್ದು ಒಳಗೆ ಹೋಗಿಬಿಟ್ಟರೆ — ಅದಕ್ಕೇ ಹೆಚ್ಚು ಹೆದರುತ್ತೇನೆ. ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಅವಳ ಸ್ವಭಾವ ಅದು. ಅಪ್ಪ ಹೇಳಿ ಕಳಿಸಿದ ಮಾತನ್ನು ಅವರು ಹೇಳಿದ ಹಾಗೆಯೇ, ಒಂದು ಅಕ್ಷರ ಬಿಡದೆ, ಅವಳಿಗೆ ಒಪ್ಪಿಸುತ್ತೇನೆ.

ಭಾನುವಾರ ಅವರು ಬಂದಾಗ ಅಡುಗೆಮನೆಯಲ್ಲಿ ನನ್ನನ್ನು ಹುಡುಕಬೇಡಿ. ನಾನು ಹೊರಗಿನ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಜೀವಮಾನದಲ್ಲಿ ನಾಲ್ಕು ಜನರ ಮುಂದೆ ಒಂದೇ ಒಂದು ಸಲ ಮಾತಾಡಿದ್ದೆ, ಅದೂ ಸುಳ್ಳು. ಇನ್ನೊಂದು ಸಲ ಮಾತಾಡಬೇಕು.