ಕೆಂಪು ಟೇಪಿನ ಟ್ಯೂಬು

ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಏಕೆ ಹೇಳಲಿ?

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೊಮ್ಮನಹಳ್ಳಿಯಲ್ಲಿ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಹಿಂದಿನ ಕಟ್ಟಡದ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಸಂಶೋಧನಾ ಲ್ಯಾಬುಗಳಿಗೆ ಪ್ರೋಟೀನ್ ಮಾಡಿ ಮಾರುವುದು ನಮ್ಮ ಕಸುಬು. ನಾನು ಶ್ರೀನಗರದಿಂದ ಬಸ್ಸು ಬದಲಾಯಿಸಿ ಬರುತ್ತಿದ್ದೆ. ಅವಳು ಧಾರವಾಡದಿಂದ ಬಂದು ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದಳು. ನನಗಿಂತ ತಡವಾಗಿ ಬಂದು, ನನಗಿಂತ ಬೇಗ ಕೆಲಸ ಮುಗಿಸುತ್ತಿದ್ದಳು.

ಇಬ್ಬರೂ ಮಾಡುತ್ತಿದ್ದದ್ದು ಒಂದೇ, ಮೋಟಾರ್ ಪ್ರೋಟೀನ್. ನಮ್ಮೆಲ್ಲರ ಜೀವಕೋಶಗಳೊಳಗೆ ಸಾಮಾನು ಹೊತ್ತು ನಡೆಯುವ ಹಮಾಲಿ ಅದು. ಅದರ ಮಾನವ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಬೆಳೆಸಿ, ಪ್ರೋಟೀನನ್ನು ಹೊರತೆಗೆದು ಶುದ್ಧ ಮಾಡಬೇಕು. ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಲು, ಗಾಜಿಗೆ ಅದನ್ನು ಅಂಟಿಸಿ, ಮೇಲೆ ಹೊಳೆಯುವ ಸಣ್ಣ ಎಳೆಗಳನ್ನು ಬಿಟ್ಟು, ಎಟಿಪಿ ಎಂಬ ಅದರ ಆಹಾರ ಕೊಡುತ್ತೇವೆ. ಪ್ರೋಟೀನ್ ಚೆನ್ನಾಗಿದ್ದರೆ ಮೈಕ್ರೋಸ್ಕೋಪಿನ ಪರದೆಯ ಮೇಲೆ ಶಾವಿಗೆಗೆ ಜೀವ ಬಂದ ಹಾಗೆ ಎಳೆಗಳು ಹರಿದಾಡುತ್ತವೆ. ಅವಳವು ಹರಿದಾಡುತ್ತಿದ್ದವು. ನನ್ನವು ಬಿದ್ದಲ್ಲೇ ಬಿದ್ದಿರುತ್ತಿದ್ದವು.

ಅಷ್ಟರಲ್ಲಿ ಮೊದಲ ವಿದೇಶಿ ಆರ್ಡರ್ ಬಂತು. ಯಾರ ಬ್ಯಾಚ್ ಹೋಗುತ್ತದೋ ಅವರೇ ಇನ್ನು ಮೋಟಾರ್ ಪ್ರೋಟೀನ್ ವಿಭಾಗದ ಮುಖ್ಯಸ್ಥೆ ಎಂದು ನಮ್ಮ ಸರ್ ಹೇಳಿಬಿಟ್ಟರು. ಕಂಪನಿ ಶುರುವಾದಾಗಿನಿಂದ ಇದ್ದವಳು ನಾನು. ನಿನ್ನೆ ಮೊನ್ನೆ ಬಂದವಳ ಕೈಕೆಳಗೆ ದುಡಿಯಬೇಕೇ? ಥೂ!

ಒಂದು ದಿನ ಊಟದ ಹೊತ್ತಿಗೆ ಅವಳೇ ಕೇಳಿದಳು, "ಅಕ್ಕಾರ, ಶುದ್ಧ ಮಾಡೂ ಮುಂದ ನೀವು ಎಟಿಪಿ ಹಾಕಂಗಿಲ್ಲೇನ್ರಿ? ಕಡೀತನಕ ಉಪವಾಸ ಕೆಡವಿದ್ರ ಅದು ಹೆಂಗ ಉಳೀಬೇಕು?"

"ಗೊತ್ತು ಬಿಡಮ್ಮ," ಎಂದು ಮುಖ ತಿರುಗಿಸಿದೆ. ಕೊನೆಗೆ ಹಾಕಿದರೆ ಸಾಕೆಂದುಕೊಂಡಿದ್ದೆ. ಮುಂದಿನ ಬ್ಯಾಚಿಗೆ ಅವಳ ಕಣ್ಣು ತಪ್ಪಿಸಿ ಪ್ರತಿ ಹಂತದಲ್ಲೂ ಹಾಕಿದೆ. ಪರೀಕ್ಷಿಸಿ ನೋಡಲು ಪುರುಸೊತ್ತಾಗಲಿಲ್ಲ.

ಆಯ್ಕೆಯ ದಿನ ಬಂತು. "ತಮ್ಮ ಬ್ಯಾಚನ್ನ ಯಾರು ತಾನೇ ಕೆಟ್ಟದು ಅಂತಾರೆ ಸರ್?" ಎಂದು ನಾನೇ ತಕರಾರು ತೆಗೆದಿದ್ದರಿಂದ, ಸರ್ ಟ್ಯೂಬುಗಳ ಮೇಲಿನ ಹೆಸರು ಮುಚ್ಚಿ, ಒಂದಕ್ಕೆ ಕೆಂಪು ಟೇಪು, ಇನ್ನೊಂದಕ್ಕೆ ಹಸಿರು ಸುತ್ತಿದರು. ಸ್ಲೈಡನ್ನೂ ಅವರೇ ಮಾಡಿದರು. ನಾವಿಬ್ಬರೂ ನೋಡಬೇಕು. ಒಬ್ಬರು ಬೇಡ ಎಂದರೂ ಆ ಬ್ಯಾಚ್ ಹೋಗುವಂತಿಲ್ಲ.

ಮೊದಲು ಕೆಂಪು. ಅಬ್ಬಾ! ಪರದೆಯ ತುಂಬ ಎಳೆಗಳು ನೆಟ್ಟಗೆ, ಎಲ್ಲೂ ನಿಲ್ಲದೆ ಸಾಗುತ್ತಿದ್ದವು. ಅಂಥ ಓಟ ನಾನು ಕಂಡೇ ಇರಲಿಲ್ಲ. ಇದು ಅವಳದೇ, ಅನುಮಾನವೇ ಇಲ್ಲ.

"ಎಷ್ಟ್ ಛಂದ ಹೊಂಟಾವ ನೋಡ್ರಿ!" ಎಂದಳು ಅವಳು. ತನ್ನದನ್ನು ತಾನೇ ಹೊಗಳಿಕೊಳ್ಳುತ್ತಾಳಲ್ಲ, ನಾಚಿಕೆ ಬೇಡವೇ ಎಂದು ಮೈಯೆಲ್ಲ ಉರಿದುಹೋಯಿತು.

"ನೀನೇನಂತೀಯಮ್ಮ?" ಸರ್ ನನ್ನ ಕಡೆ ತಿರುಗಿದರು.

"ಅಲ್ಲಲ್ಲಿ ತಡವರಿಸ್ತಿವೆ ಸರ್. ಇದನ್ನ ಕಳಿಸಿದ್ರೆ ನಮ್ಮ ಮರ್ಯಾದೆ ಹೋಗುತ್ತೆ. ನಾನಂತೂ ಒಪ್ಪಲ್ಲ."

ಅವಳು ಕಣ್ಣರಳಿಸಿ ಪರದೆಯನ್ನೂ ನನ್ನನ್ನೂ ನೋಡಿದಳು. ಹಸಿರಿನ ಎಳೆಗಳು ನಿಧಾನವಾಗಿ ಹೊರಟವು. ಅಂತೂ ನನ್ನದೂ ಕದಲಿತಲ್ಲ ಎಂದು ಕುಣಿಯುವುದೊಂದು ಬಾಕಿ. "ಇದು ಪರವಾಗಿಲ್ಲ ಸರ್, ಸ್ಟೆಡಿಯಾಗಿದೆ," ಎಂದೆ. ಅವಳೂ ಹೂಂ ಎಂದಳು.

ಸರ್ ಟೇಪು ಬಿಚ್ಚಿದರು. ಕೆಂಪಿನ ಕೆಳಗಿದ್ದದ್ದು ನನ್ನ ಕೈಬರಹ.

"ಸರ್, ಇನ್ನೊಮ್ಮೆ ನೋಡೂಣ್ರಿ," ಎಂದಳು ಅವಳು. "ಅಕ್ಕಾರದು ನನ್ನದಕ್ಕಿಂತ ಭಾಳ ಛಲೋ ಐತಿ."

"ಅವಳೇ ಬೇಡ ಅಂದ್ಲಲ್ಲಮ್ಮ," ಎಂದರು ಸರ್. ಕಣ್ಣು ನನ್ನ ಮೇಲೇ ಇತ್ತು. ತಡವರಿಸಿದ್ದು ಸುಳ್ಳು ಎನ್ನಲೇ, ಅವಳದೆಂದುಕೊಂಡೆ ಎನ್ನಲೇ? ಅವಳು ನನ್ನ ಪರ ಮಾತಾಡಿದ್ದಂತೂ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಪಾರ್ಸೆಲ್ ಕಟ್ಟುವುದು ಹಿರಿಯಳಾದ ನನ್ನ ಪಾಲಿನ ಕೆಲಸವಾಗಿತ್ತು. ಅವಳ ಟ್ಯೂಬುಗಳ ಸುತ್ತ ಡ್ರೈ ಐಸ್ ತುಂಬಿ ಡಬ್ಬಿ ಮುಚ್ಚಿದೆ. ಆಮೇಲೆ ಕಂಪನಿ ಬಿಡುವವರೆಗೂ ಅವಳ ಕೈಕೆಳಗೇ ದುಡಿದೆ.

ಇವತ್ತಿಗೂ ಆ ಕೆಂಪು ಟೇಪಿನ ಎಳೆಗಳ ಓಟ ನೆನಪಾದರೆ ಮೊದಲು ಹೊಟ್ಟೆ ಉರಿಯುತ್ತದೆ. ಅವು ನನ್ನವೆಂಬುದು ಆಮೇಲೆ ನೆನಪಾಗುತ್ತದೆ.